ಎಷ್ಟು ಮಕ್ಕಳು ಎಂದು ಹೇಳುವ ಹಕ್ಕು

ಡೇ ಕೇರ್‌ನಲ್ಲಿ ದುಡಿಯುತ್ತಿದ್ದ ಹೆಂಗಸೊಬ್ಬಳು ಕೆಲಸ ಬಿಟ್ಟು ಸ್ವಂತದ್ದೊಂದನ್ನು ತೆರೆದಳೆಂದರೆ ಸುತ್ತಲಿನವರು ಎರಡು ಕಾರಣ ಹೇಳುತ್ತಾರೆ. ಒಂದು, ಅವಳಿಗೆ ಮಕ್ಕಳೆಂದರೆ ಪ್ರಾಣ. ಇನ್ನೊಂದು, ಅದರಲ್ಲಿ ಒಳ್ಳೆಯ ದುಡ್ಡಿದೆ. ಬೆಂಗಳೂರಿನ ಹೆಗ್ಗನಹಳ್ಳಿಯ ಬಾಡಿಗೆ ಮನೆಯಲ್ಲಿ ನಾನು ಮಕ್ಕಳನ್ನು ನೋಡಿಕೊಳ್ಳಲು ಶುರು ಮಾಡಿದಾಗ ಈ ಎರಡೂ ಮಾತುಗಳು ಕಿವಿಗೆ ಬಿದ್ದವು. ಮಕ್ಕಳ ಮೇಲಿನ ಅಕ್ಕರೆ ಸುಳ್ಳಲ್ಲ. ಆದರೆ ಅದು ಸಂಬಳಕ್ಕೆ ದುಡಿಯುವಾಗಲೂ ಇತ್ತು, ಅದಕ್ಕಾಗಿ ಸ್ವಂತದ್ದೇ ಬೇಕೆಂದೇನೂ ಇರಲಿಲ್ಲ. ದುಡ್ಡಿನ ಲೆಕ್ಕವನ್ನು ಮುಂದೆ ಬಿಡಿಸಿಯೇ ಬರೆಯುತ್ತೇನೆ, ಓದಿದವರು ತಾವೇ ತೀರ್ಮಾನಿಸಲಿ. ನನ್ನನ್ನು ಹೊರಡಿಸಿದ್ದು ಒಂದು ಹಟ. ಒಬ್ಬಳ ಕೈಗೆ ಎಷ್ಟು ಕೂಸುಗಳು ಎಂಬುದನ್ನು ಆ ಕೂಸುಗಳನ್ನು ಎತ್ತಿಕೊಳ್ಳುವವಳೇ ಹೇಳಬೇಕು ಎಂಬ ಹಟ.

ನಾನು ತುರುವೇಕೆರೆ ತಾಲ್ಲೂಕಿನವಳು. ಪಿಯುಸಿ ಮುಗಿಸಿ, ಮದುವೆಯಾಗಿ ಬೆಂಗಳೂರಿನ ಲಗ್ಗೆರೆಗೆ ಬಂದೆ. ಗಂಡನಿಗೆ ಪೀಣ್ಯದ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ಮಗನಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಒಬ್ಬರ ಸಂಬಳದಲ್ಲಿ ಸಂಸಾರ ಸಾಗದಾಯಿತು. ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಶಿಶುಪಾಲನಾ ಕೇಂದ್ರಕ್ಕೆ ಸಹಾಯಕಿಯಾಗಿ ಸೇರಿದೆ. ಹೊಲಿಗೆ ವಿಭಾಗದಲ್ಲಿ ಸಂಬಳ ಸ್ವಲ್ಪ ಹೆಚ್ಚಿತ್ತು. ಆದರೂ ಮಗನನ್ನು ಕಣ್ಣೆದುರೇ ಇಟ್ಟುಕೊಳ್ಳಬಹುದು ಎಂಬ ಒಂದೇ ಆಸೆಗೆ ಈ ಕೆಲಸವನ್ನು ಒಪ್ಪಿಕೊಂಡೆ. ನನ್ನಂತೆ ಸ್ವಂತ ಕೂಸಿಗೆ ನೆಲೆ ಹುಡುಕುತ್ತಾ ಈ ವೃತ್ತಿಗೆ ಬಂದ ಹೆಂಗಸರನ್ನು ಆಮೇಲೆ ಎಷ್ಟೋ ಮಂದಿಯನ್ನು ಕಂಡೆ.

ಆಗ ಜಾರಿಯಲ್ಲಿದ್ದದ್ದು 1948ರ ಕಾರ್ಖಾನೆ ಕಾಯ್ದೆ. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯೊಂದು ಇರಲೇಬೇಕು ಎಂದು ಅದರ 48ನೇ ಸೆಕ್ಷನ್ ಹೇಳುತ್ತಿತ್ತು. ನಮ್ಮಲ್ಲಿ ಕೋಣೆ ಇತ್ತು. ತೊಟ್ಟಿಲುಗಳಿದ್ದವು, ಗೋಡೆಯ ಮೇಲೆ ಆನೆ, ಜಿರಾಫೆಗಳಿದ್ದವು. ತಪಾಸಣೆಗೆ ಬಂದವರು ಕೋಣೆಯ ಅಳತೆ ನೋಡುತ್ತಿದ್ದರು, ನೀರು, ಗಾಳಿ, ಬೆಳಕು ನೋಡುತ್ತಿದ್ದರು, ಪುಸ್ತಕದಲ್ಲಿ ಸಹಿ ಮಾಡಿ ಹೋಗುತ್ತಿದ್ದರು. ಅದೆಲ್ಲ ಬೇಕಾದದ್ದೇ. ಆದರೆ ಬೆಳಗ್ಗೆ ಹನ್ನೊಂದಕ್ಕೆ ಊಟದ ಹೊತ್ತಿನಲ್ಲಿ ಬಂದು ಅರ್ಧ ಗಂಟೆ ಕೂತು ನೋಡಿದವರು ಯಾರೂ ಇರಲಿಲ್ಲ.

ಆ ಹನ್ನೊಂದು ಗಂಟೆಯ ಲೆಕ್ಕವನ್ನು ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ. ಎಂಟು ತಿಂಗಳ ಕೂಸಿಗೆ ರಾಗಿ ಸರಿ ತಿನ್ನಿಸಲು ಇಪ್ಪತ್ತು ನಿಮಿಷ ಬೇಕು. ಇದು ಸೋಮಾರಿಗಳ ಲೆಕ್ಕವಲ್ಲ, ಕೂಸಿನ ಗಂಟಲಿನ ಲೆಕ್ಕ. ಮೊದಲ ಚಮಚವನ್ನು ಅದು ನಾಲಗೆಯಿಂದ ಹೊರಗೆ ತಳ್ಳುತ್ತದೆ. ಅದು ಬೇಡವೆಂದು ತಳ್ಳುವುದಲ್ಲ, ನುಂಗುವುದನ್ನು ಇನ್ನೂ ಕಲಿಯುತ್ತಿರುವುದರಿಂದ ತಳ್ಳುವುದು. ಅದನ್ನು ಗಲ್ಲದಿಂದ ಬಳಿದು ಮತ್ತೆ ಬಾಯಿಗಿಡಬೇಕು. ಎರಡನೆಯದನ್ನು ಕೆನ್ನೆಯೊಳಗೆ ಇಟ್ಟುಕೊಂಡು ನಮ್ಮ ಮುಖವನ್ನೇ ನೋಡುತ್ತದೆ. ಆಗ ನಾವೂ ಬಾಯಿ ಆಡಿಸಿ ತೋರಿಸಬೇಕು, ಕಾಯಬೇಕು. ಗಂಟಲು ಇಳಿದದ್ದು ಕಣ್ಣಿಗೆ ಕಂಡ ಮೇಲೆಯೇ ಮೂರನೆಯದು. ಅವಸರ ಮಾಡಿದರೆ ತಿಂದದ್ದಷ್ಟನ್ನೂ ಕಕ್ಕಿಬಿಡುತ್ತದೆ, ಇಲ್ಲವೆ ಚಮಚ ಕಂಡರೆ ಸಾಕು, ಮುಖ ತಿರುಗಿಸುವುದನ್ನು ಕಲಿಯುತ್ತದೆ. ಇಂಥ ಒಂಬತ್ತು ಕೂಸುಗಳಿಗೆ ನಾವು ಇಬ್ಬರಿದ್ದೆವು. ಒಂಬತ್ತು ಇಪ್ಪತ್ತಲಿ ನೂರ ಎಂಬತ್ತು ನಿಮಿಷ. ಇಬ್ಬರೂ ಕದಲದೆ ಕೂತರೆ ಒಂದೂವರೆ ಗಂಟೆ. ಆ ಒಂದೂವರೆ ಗಂಟೆಯಲ್ಲಿ ಯಾವ ಕೂಸೂ ಬಟ್ಟೆ ಒದ್ದೆ ಮಾಡಿಕೊಳ್ಳಬಾರದು, ಯಾವುದೂ ಅಂಬೆಗಾಲಿಕ್ಕಿ ಬಾಗಿಲಿನತ್ತ ಹೋಗಬಾರದು, ನಿದ್ದೆಯಿಂದ ಎದ್ದು ರಚ್ಚೆ ಹಿಡಿಯಬಾರದು. ಅಂಥ ದಿನ ಈ ಭೂಮಿಯ ಮೇಲೆ ಇಲ್ಲ. ಹಾಗಾಗಿ ಇಪ್ಪತ್ತು ನಿಮಿಷ ಹತ್ತಾಗುತ್ತದೆ, ಹತ್ತು ಏಳಾಗುತ್ತದೆ. ಸಂಜೆ ತಾಯಿ ಬಂದು ಕೇಳಿದಾಗ "ಅರ್ಧ ತಿಂದ" ಎನ್ನುತ್ತೇವೆ. ಕೂಸಿಗೆ ಹಸಿವಿರಲಿಲ್ಲವೇನೋ ಎಂದುಕೊಂಡು ತಾಯಿ ಹೋಗುತ್ತಾಳೆ. ಹಸಿವಿತ್ತು. ನಮ್ಮ ಹತ್ತಿರ ನಿಮಿಷಗಳಿರಲಿಲ್ಲ.

ಮಗ ಶಾಲೆಗೆ ಸೇರಿದ ಮೇಲೆ ಸಂಜೆಯ ತರಗತಿಗಳಿಗೆ ಹೋಗಿ ನರ್ಸರಿ ಶಿಕ್ಷಕಿಯರ ತರಬೇತಿ ಮುಗಿಸಿದೆ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಹಲವು ಶಾಖೆಗಳಿದ್ದ ಒಂದು ದೊಡ್ಡ ಡೇ ಕೇರ್‌ನಲ್ಲಿ ಕೆಲಸ ಸಿಕ್ಕಿತು. ಹೆಸರು ಬೇಡ. ಅಲ್ಲಿ ಕಲಿತದ್ದೂ ಬಹಳ ಇದೆ. ಪ್ರತಿ ಕೂಸಿನ ಔಷಧ, ನಿದ್ದೆ, ಊಟ ಬರೆದಿಡುವುದು, ಬಂದವರ ಗುರುತು ನೋಡದೆ ಮಗುವನ್ನು ಕೈಗೆ ಕೊಡದಿರುವುದು, ಆಟಿಕೆಗಳನ್ನು ತೊಳೆದು ಒಣಗಿಸುವ ಕ್ರಮ, ಇವೆಲ್ಲ ಅಲ್ಲಿಂದ ಬಂದವು. ಇಂದಿಗೂ ಹಾಗೆಯೇ ಪಾಲಿಸುತ್ತೇನೆ.

ಆ ಕೆಲಸಕ್ಕೆ ಸೇರಿದ ಸ್ವಲ್ಪ ಸಮಯದಲ್ಲೇ, 2017ರಲ್ಲಿ, ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಯಿತು. 12 ವಾರಗಳ ಸಂಬಳ ಸಹಿತ ರಜೆ ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿಬರಬಹುದು ಎಂದಾಯಿತು. ನಿಜಕ್ಕೂ ದೊಡ್ಡ ಕಾನೂನು ಅದು, ನಮಗೆಲ್ಲ ಹಬ್ಬದಷ್ಟು ಸಂತೋಷವಾಗಿತ್ತು. ಅದರ ಒಂದು ಪರಿಣಾಮವನ್ನು ನಮ್ಮ ಕೆಲಸದಲ್ಲಿ ಇರುವವರು ಮಾತ್ರ ಕಂಡರು. 26 ವಾರ ಎಂದರೆ ಆರು ತಿಂಗಳು. ಕೂಸು ತಾಯಿಯ ಹಾಲಿನ ಜೊತೆಗೆ ಮೊದಲ ತುತ್ತು ತಿನ್ನಲು ಕಲಿಯುವುದು ಸರಿಯಾಗಿ ಅದೇ ಹೊತ್ತಿಗೆ. ತಾಯಿಯ ರಜೆ ಮುಗಿದ ವಾರವೇ ಕೂಸು ನಮ್ಮ ಬಾಗಿಲಿಗೆ ಬರುತ್ತದೆ. ಊರಿನಲ್ಲಾದರೆ ಅಜ್ಜಿಯ ತೊಡೆಯ ಮೇಲೆ ಕೂತು ತಿನ್ನಬೇಕಾದ ಆ ಮೊದಲ ತುತ್ತನ್ನು ಈ ಊರಿನಲ್ಲಿ ಸಾವಿರಾರು ಕೂಸುಗಳಿಗೆ ತಿನ್ನಿಸುತ್ತಿರುವುದು ನಮ್ಮಂಥವರ ಕೈ. ಇಷ್ಟು ಜವಾಬ್ದಾರಿಯ ಕೆಲಸ ಮಾಡುವವಳಿಗೆ ಒಂದು ಕೋಣೆಯಲ್ಲಿ ಎಷ್ಟು ಕೂಸುಗಳಿರಬೇಕು ಎಂದು ಹೇಳಲು ಬಾಯಿಲ್ಲ.

ನನಗೂ ಬಾಯಿರಲಿಲ್ಲ. ಆ ಡೇ ಕೇರ್‌ನಲ್ಲಿ ಕೂಸುಗಳ ಕೋಣೆ ನನ್ನ ಮತ್ತು ಇನ್ನೊಬ್ಬರ ಪಾಲಿನದಾಗಿತ್ತು. ಅಷ್ಟರಲ್ಲಿ ತಂದೆತಾಯಿಯರ ಮೊಬೈಲಿಗೆ ದಿನಕ್ಕಿಷ್ಟು ಫೋಟೊ ಕಳಿಸುವ ನಿಯಮ ಬಂತು. ಕೂಸು ನಗುತ್ತಿರುವಾಗ, ಬಣ್ಣದ ಚೆಂಡು ಹಿಡಿದಾಗ, ಕೆಂಪು ದಿನಕ್ಕೆ ಕೆಂಪಂಗಿ ತೊಟ್ಟಾಗ. ಇಬ್ಬರಲ್ಲಿ ಒಬ್ಬಳು ಫೋಟೊ ತೆಗೆಯಲು ಎದ್ದರೆ ಉಳಿದ ಒಬ್ಬಳ ಕೈಯಲ್ಲಿ ಎಲ್ಲ ಕೂಸುಗಳು. ತಂದೆತಾಯಿಯರನ್ನು ದೂರುವುದಿಲ್ಲ. ಕಚೇರಿಯಲ್ಲಿ ಕೂತು ಜೀವ ಚಡಪಡಿಸುತ್ತಿರುವಾಗ ಮಗುವಿನ ಮುಖ ಒಮ್ಮೆ ಕಂಡರೆ ಎಷ್ಟು ಸಮಾಧಾನ ಎಂದು ನಾನೂ ಬಲ್ಲೆ.

ಲಾಕ್‌ಡೌನ್ ಕಳೆದು ಮತ್ತೆ ತೆರೆದ ಮೇಲೆ ಕೆಲಸ ಬಿಟ್ಟಿದ್ದ ಹಳೆಯ ಸಹಾಯಕಿಯರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಕೂಸುಗಳು ಮಾತ್ರ ಬರತೊಡಗಿದವು. ಒಂದು ಸಂಜೆ ಮ್ಯಾನೇಜರ್ ಹತ್ತಿರ ಹೋಗಿ, ಇನ್ನೊಂದು ಕೂಸನ್ನು ಸೇರಿಸಿಕೊಂಡರೆ ನಮ್ಮಿಂದ ಆಗುವುದಿಲ್ಲ, ಒಬ್ಬರನ್ನು ಕೊಡಿ, ಇಲ್ಲವೆ ಒಂದು ತಿಂಗಳು ತಡೆಯಿರಿ ಎಂದೆ. ಅವರು ಕೆಟ್ಟವರಲ್ಲ, ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಹೇಳಿದ್ದು ಇಷ್ಟು: "ಅಡ್ಮಿಷನ್ ವಿಚಾರ ಮೇಲಿನವರದು. ನಿಮ್ಮದು ಮಕ್ಕಳನ್ನು ನೋಡಿಕೊಳ್ಳುವುದು." ಆ ಎರಡು ಕೆಲಸಗಳನ್ನು ಬೇರೆ ಬೇರೆ ಮಾಡಿಟ್ಟರೆ ಎರಡನೆಯದು ನಡೆಯುವುದೇ ಇಲ್ಲ ಎಂಬುದು ಅವರಿಗೂ ಗೊತ್ತಿತ್ತು. ಮರುವಾರ ಹೊಸ ಕೂಸು ಬಂತು, ಆರೂವರೆ ತಿಂಗಳದ್ದು. ನಾನು ಬಿಡಬೇಕೆಂದು ನಿಶ್ಚಯಿಸಿದ್ದು ಆ ವಾರ. ಸಂಬಳ ಎರಡು ಸಾವಿರ ಏರಿಸಿದ್ದರೂ ಬಿಡುತ್ತಿದ್ದೆ. ಇನ್ನೊಬ್ಬಳನ್ನು ಕೊಟ್ಟಿದ್ದರೆ ಬಹುಶಃ ಇಂದಿಗೂ ಅಲ್ಲೇ ಇರುತ್ತಿದ್ದೆ.

ಎಲ್ಲರ ಕಾರಣವೂ ನನ್ನದೇ ಎಂದು ಹೇಳಲಾರೆ. ನನ್ನ ಜೊತೆ ದುಡಿದ ಹಾಸನದ ಕಡೆಯವರೊಬ್ಬರು ಲಾಕ್‌ಡೌನ್ ಕಾಲದಲ್ಲಿ ಶುರು ಮಾಡಿದರು. 2020ರ ಮಾರ್ಚ್‌ನಲ್ಲಿ ಎಲ್ಲವೂ ಮುಚ್ಚಿತು. ದೊಡ್ಡ ಮಕ್ಕಳ ಶಾಲೆಗಳು ತೆರೆದ ಮೇಲೂ ಅಂಗನವಾಡಿ, ಎಲ್‌ಕೆಜಿ, ಯುಕೆಜಿಗಳಿಗೆ ಕರ್ನಾಟಕದಲ್ಲಿ ಅನುಮತಿ ಸಿಕ್ಕಿದ್ದು 2021ರ ನವೆಂಬರ್ 8ರಂದು. ಅಷ್ಟು ಕಾಲ ಸಂಬಳವಿಲ್ಲದೆ ಕೂರುವುದು ಯಾರಿಂದ ಸಾಧ್ಯ? ಅವರ ಬೀದಿಯಲ್ಲೇ ಒಬ್ಬ ನರ್ಸ್ ಇದ್ದರು. ಆಸ್ಪತ್ರೆಗೆ ರಜೆ ಇಲ್ಲ, ಮಗುವನ್ನು ನೋಡಿಕೊಳ್ಳಲು ಜನವಿಲ್ಲ. ಒಂದು ಮಗುವಿನಿಂದ ಶುರುವಾದದ್ದು ನಾಲ್ಕಾಯಿತು. ಡೇ ಕೇರ್ ಮತ್ತೆ ತೆರೆದು ಕರೆ ಬಂದಾಗ ಅವರು ಹೋಗಲಿಲ್ಲ. "ಕಷ್ಟ ಬಂದಾಗ ನನ್ನ ಫೋನ್ ಎತ್ತದವರು ಈಗ ಕರೆಯುತ್ತಿದ್ದಾರೆ" ಎಂದರು. ಅವರನ್ನು ಹೊರಡಿಸಿದ್ದು ಅನ್ನ, ಹಿಡಿದು ನಿಲ್ಲಿಸಿದ್ದು ಮಾನ.

ನನ್ನ ಚಿಕ್ಕಮ್ಮನ ಕಥೆ ಇನ್ನೊಂದು ಬಗೆಯದು. ಕುಣಿಗಲ್ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಸಹಾಯಕಿಯಾಗಿದ್ದರು. ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ, 100 ಕೇಂದ್ರಗಳೊಂದಿಗೆ. ಅರ್ಧ ಶತಮಾನ ಕಳೆದರೂ ಅಲ್ಲಿ ದುಡಿಯುವವರಿಗೆ ಸಿಗುವುದು ಗೌರವಧನ. ಅವರೂ ಗ್ರಾಚ್ಯುಟಿಗೆ, ಅಂದರೆ ಕೆಲಸದಿಂದ ನಿವೃತ್ತರಾದಾಗ ಸಿಗುವ ಇಡಿಗಂಟಿಗೆ, ಅರ್ಹರು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಚಿಕ್ಕಮ್ಮ ಅದಕ್ಕೂ ಮೊದಲೇ 60 ತುಂಬಿ ಮನೆಗೆ ಬಂದಿದ್ದರು, ಬರಿಗೈಯಲ್ಲಿ. ಈಗ ಕುಣಿಗಲ್ ಪೇಟೆಯಲ್ಲಿ ಮಗಳ ಮನೆಯ ಹಜಾರದಲ್ಲಿ ನಾಲ್ಕು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಇಬ್ಬರು ಶಿಕ್ಷಕಿಯರ ಮಕ್ಕಳು, ಒಬ್ಬ ಬ್ಯಾಂಕ್ ನೌಕರೆಯ ಮಗ, ಇನ್ನೊಂದು ಹೂವಿನ ಅಂಗಡಿಯವಳ ಮಗಳು. ಆ ಹೂವಿನವಳಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಇಷ್ಟು ವರ್ಷ ಸರ್ಕಾರಕ್ಕಾಗಿ ಮಾಡಿದ್ದನ್ನು ಈಗ ನನಗಾಗಿ ಮಾಡುತ್ತಿದ್ದೇನೆ ಎನ್ನುತ್ತಾರೆ. ಯಾರಿಂದ ಎಷ್ಟು ತೆಗೆದುಕೊಳ್ಳಬೇಕು, ಯಾರಿಂದ ಬೇಡ ಎಂದು ತಾನೇ ನಿರ್ಧರಿಸುವ ಸುಖ ಅವರ ಮುಖದಲ್ಲಿ ಎದ್ದು ಕಾಣುತ್ತದೆ.

ನಾನು ಕೆಲಸ ಬಿಟ್ಟ ಮೇಲೆ ಆ ಡೇ ಕೇರ್ ಇರುವ ಬಡಾವಣೆಯಲ್ಲಿ ತೆರೆಯಲಿಲ್ಲ. ಅಲ್ಲಿನ ಇಬ್ಬರು ತಾಯಂದಿರು ಕೇಳಿದ್ದರು. ಅವರ ನಂಬಿಕೆ ದೊಡ್ಡದು, ಆದರೆ ಒಂದು ಮನೆಯ ಉಪ್ಪು ತಿಂದು ಅದರ ಗಿರಾಕಿಗಳನ್ನು ಎಳೆದುಕೊಂಡು ಬರುವುದು ನನಗೆ ಒಗ್ಗಲಿಲ್ಲ. ಇನ್ನೊಂದು ಕಾರಣವೂ ಇತ್ತು. ಕಾನೂನು ತಲುಪುವುದು 50 ಜನರಿರುವ ಕಡೆಗೆ. ಪೀಣ್ಯದ ಸುತ್ತಮುತ್ತ ಹತ್ತು, ಹದಿನೈದು ಜನ ದುಡಿಯುವ ಘಟಕಗಳೇ ಎಷ್ಟೋ. ಪ್ಯಾಕಿಂಗ್, ಅಸೆಂಬ್ಲಿ, ಟೈಲರಿಂಗ್ ಜಾಬ್ ವರ್ಕ್. ಅಲ್ಲಿನ ತಾಯಂದಿರಿಗೆ ಯಾವ ಶಿಶುಪಾಲನಾ ಕೇಂದ್ರವೂ ಇಲ್ಲ. ದೊಡ್ಡ ಗಾರ್ಮೆಂಟ್ಸ್‌ಗಳಲ್ಲಿ ಇದ್ದರೂ ಎಷ್ಟೋ ತಾಯಂದಿರು ಮಗುವನ್ನು ಕರೆತರುವುದಿಲ್ಲ ಎಂಬುದನ್ನು ಕಾರ್ಖಾನೆಯಲ್ಲಿದ್ದಾಗಲೇ ಕಂಡಿದ್ದೆ. ಬೆಳಗಿನ ಬಸ್ಸಿನಲ್ಲಿ ಎರಡು ಕಾಲು ಊರಲು ಜಾಗವಿಲ್ಲದ ಕಡೆ ಕಂಕುಳಲ್ಲಿ ಕೂಸು ಹಿಡಿದು ನಿಲ್ಲುವುದು ಹೇಗೆ? ಅವರಿಗೆ ಬೇಕಾಗಿದ್ದದ್ದು ಮನೆಯ ಹತ್ತಿರ, ಬಸ್ ಹತ್ತುವ ಮುಂಚೆ ಬಿಟ್ಟು ಹೋಗುವಂಥ ಜಾಗ. ಅದಕ್ಕೇ ಹೆಗ್ಗನಹಳ್ಳಿ.

ನೆಲ ಅಂತಸ್ತಿನ ಮನೆಯೇ ಬೇಕೆಂದು ಹಟ ಹಿಡಿದೆ, ಮೆಟ್ಟಿಲಿರುವ ಮನೆಯಲ್ಲಿ ಒಬ್ಬಳ ಗಮನ ಸದಾ ಮೆಟ್ಟಿಲ ಮೇಲೇ ಇರಬೇಕಾಗುತ್ತದೆ. ಮಕ್ಕಳು ಎಂದೊಡನೆ ಮನೆ ಮಾಲೀಕರು ಹಿಂದೆ ಸರಿಯುತ್ತಿದ್ದರು. ಕೊನೆಗೆ ಒಪ್ಪಿದವರು ನಿವೃತ್ತ ಮೇಷ್ಟ್ರು. ಬ್ಯಾಂಕಿನ ಅನುಭವವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸಣ್ಣ ಉದ್ಯಮಗಳಿಗೆ ಸಾಲ ಕೊಡುವ ಮುದ್ರಾ ಯೋಜನೆಯಲ್ಲಿ, 'ಶಿಶು' ಎಂದು ಕರೆಯುವ ಮೊದಲ ಹಂತದಲ್ಲಿ, 50,000 ರೂಪಾಯಿವರೆಗೆ ಜಾಮೀನಿಲ್ಲದೆ ಸಾಲ ಕೊಡಬೇಕು. ನಾನು ಹೋದ ಶಾಖೆಯಲ್ಲಿ ಹೊಲಿಗೆ ಯಂತ್ರಕ್ಕಾದರೆ, ಕಿರಾಣಿ ಅಂಗಡಿಗಾದರೆ ಕೊಡಬಹುದು, ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಏನೆಂದು ಬರೆಯುವುದು ಎಂದು ಕೇಳಿದರು. ಕೋಪ ಬಂತು. ಆದರೆ ಕೋಪದಿಂದ ತೊಟ್ಟಿಲು ಬರುವುದಿಲ್ಲವಲ್ಲ. ನಮ್ಮ ಸ್ತ್ರೀಶಕ್ತಿ ಸಂಘದವರು ಒಂದೇ ಸಭೆಯಲ್ಲಿ ಒಪ್ಪಿ ಸಾಲ ಕೊಟ್ಟರು. ಅವರಲ್ಲಿ ಹೆಚ್ಚಿನವರು ಮಕ್ಕಳನ್ನು ಬೆಳೆಸಿದವರು, ಅದು ಎಂಥ ಕೆಲಸ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲು ಬಂದದ್ದು ಬಿಎಂಟಿಸಿ ಕಂಡಕ್ಟರ್ ಒಬ್ಬರ ಮಗಳು, ಹತ್ತು ತಿಂಗಳದ್ದು. ತಾಯಿಗೆ ಬೆಳಗಿನ ಪಾಳಿ ಇದ್ದರೆ ಐದೂವರೆಗೆ ಬಾಗಿಲು ಬಡಿಯುತ್ತಿದ್ದರು. ದೊಡ್ಡ ಡೇ ಕೇರ್‌ಗಳು ಎಂಟಕ್ಕೆ ತೆರೆಯುತ್ತವೆ. ಎಂಟಕ್ಕೆ ಈ ತಾಯಿ ಎರಡನೆಯ ಟ್ರಿಪ್ ಮುಗಿಸಿರುತ್ತಾರೆ. ನಿದ್ದೆಗಣ್ಣಿನ ಕೂಸನ್ನು ಕೈಗೆ ತೆಗೆದುಕೊಂಡು ಹಾಗೆಯೇ ಜೋಲಿಗೆ ಹಾಕಿ ತೂಗಿದರೆ ಏಳೂವರೆವರೆಗೆ ಮಲಗುತ್ತಿತ್ತು. ಜೋಲಿ ಎಂದರೆ ನನ್ನದೇ ಹಳೆಯ ಹತ್ತಿ ಸೀರೆ, ಸೂರಿನ ಕೊಂಡಿಗೆ ಕಟ್ಟಿದ್ದು. ಆಮೇಲೆ ಒಡಿಶಾದಿಂದ ಬಂದು ಗಾರ್ಮೆಂಟ್ಸ್‌ನಲ್ಲಿ ದುಡಿಯುವ ದಂಪತಿಯ ಮಗ ಬಂದ. ಕನ್ನಡ ತಿಳಿಯದೆ, ನನ್ನ ಮುಖವೂ ಹಿಡಿಸದೆ, ಮೊದಲ ವಾರ ಒಂದೇ ಸಮನೆ ಅತ್ತ. ಅವನ ತಾಯಿಯಿಂದ ಅವರ ಮನೆಯ ಲಾಲಿಯೊಂದನ್ನು ಮೊಬೈಲಿನಲ್ಲಿ ಹಾಡಿಸಿಕೊಂಡು, ಸಾಲು ಸಾಲಾಗಿ ಕಲಿತು ಹಾಡಿದೆ. ಉಚ್ಚಾರ ಹೇಗಿತ್ತೋ, ಅವನು ಅಳು ನಿಲ್ಲಿಸಿ ನನ್ನ ತುಟಿಯನ್ನೇ ನೋಡಿದ. ಇಂಥದ್ದಕ್ಕೆಲ್ಲ ಹೊತ್ತು ಬೇಕು. ಹಾಡು ಕಲಿಯಲು ಹೊತ್ತು, ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಓಡಾಡಲು ಹೊತ್ತು. ಆ ಹೊತ್ತು ಸಿಗಬೇಕಾದರೆ ಉಳಿದ ಕೂಸುಗಳು ಕೈಗೆ ಮೀರಿ ಇರಬಾರದು. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೇನೆ.

ಈಗ ದುಡ್ಡು. ನಾನು ಮತ್ತು ಒಬ್ಬ ಸಹಾಯಕಿ, ಒಟ್ಟು ಹತ್ತು ಮಕ್ಕಳು, ಅದರಲ್ಲಿ ಒಂದೂವರೆ ವರ್ಷದೊಳಗಿನವು ನಾಲ್ಕಕ್ಕಿಂತ ಹೆಚ್ಚಿಲ್ಲ. ಇದು ನಾನು ಹಾಕಿಕೊಂಡ ಗೆರೆ. ಶಿಶುಪಾಲನಾ ಕೇಂದ್ರಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಪಾಲ್ನಾ ಯೋಜನೆಯಲ್ಲಿ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಎಂದಿದೆ. ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳು ಅಲ್ಲಿ ಸೇರಿರುತ್ತಾರೆ, ದೊಡ್ಡ ಮಕ್ಕಳಿದ್ದರೆ ಹೇಗೋ ನಡೆಯುತ್ತದೆ. ಎಳೆಗೂಸುಗಳೇ ಹೆಚ್ಚಿದ್ದರೆ ಆ ಇಬ್ಬರು ಏನು ಮಾಡಬೇಕು ಎಂದು ನನಗೆ ತೋಚುವುದಿಲ್ಲ. ಶುರುವಿನಲ್ಲಿ ನಾನು ತೆಗೆದುಕೊಳ್ಳುತ್ತಿದ್ದದ್ದು ಕೂಸಿಗೆ 4,500, ದೊಡ್ಡ ಮಕ್ಕಳಿಗೆ 3,500. ಗಾರ್ಮೆಂಟ್ಸ್ ತಾಯಿ ಕೊಡಬಲ್ಲದ್ದೇ ಅಷ್ಟು, ಅವಳಿಗೆ ಅದೂ ಹೊರೆಯೇ. ಹತ್ತು ಮಕ್ಕಳು ತುಂಬಿದ ತಿಂಗಳು 39,000 ಬಂತು. ಬಾಡಿಗೆ 11,000. ಸಹಾಯಕಿಗೆ 11,000. ಹಾಲು, ರಾಗಿ, ತರಕಾರಿ, ಗ್ಯಾಸ್, ಸಾಬೂನು ಎಂದು 6,000. ನೀರು, ಕರೆಂಟು 1,000. ಸಂಘದ ಸಾಲದ ಕಂತು 1,500. ಉಳಿದದ್ದು 8,500. ಕೆಲಸ ಬಿಡುವಾಗ ನನ್ನ ಸಂಬಳ 12,000 ಇತ್ತು. ಹತ್ತೂ ಮಕ್ಕಳು ಬರುವ ಮೊದಲಿನ ತಿಂಗಳುಗಳಲ್ಲಿ ಗಂಡನ ಸಂಬಳದಿಂದ ಬಾಡಿಗೆ ಕಟ್ಟಿದ್ದುಂಟು. ಈಗ ಸಾಲ ತೀರಿದೆ, ಶುಲ್ಕ ಸ್ವಲ್ಪ ಏರಿದೆ, ಹಳೆಯ ಸಂಬಳಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. ಇದರಲ್ಲಿ ಒಳ್ಳೆಯ ದುಡ್ಡಿದೆ ಎನ್ನುವವರು ಈ ಲೆಕ್ಕವನ್ನು ನೋಡಲಿ.

ದುಡ್ಡು ಇರುವುದು ಎಲ್ಲಿ ಎಂದೂ ಈ ಲೆಕ್ಕವೇ ಹೇಳುತ್ತದೆ. ಹತ್ತರ ಬದಲು ಹದಿನಾರು ಮಕ್ಕಳನ್ನು ಸೇರಿಸಿಕೊಂಡರೆ ಬಾಡಿಗೆ ಅಷ್ಟೇ, ಸಹಾಯಕಿಯ ಸಂಬಳ ಅಷ್ಟೇ, ಹಾಲು ತರಕಾರಿಗೆ ಒಂದಿಷ್ಟು ಹೆಚ್ಚು. ಕೈಗೆ ಇನ್ನೂ ಹದಿನೈದು ಸಾವಿರಕ್ಕೂ ಮೇಲೆ. ಮನೆ ಮಾಲೀಕರು ಬಾಡಿಗೆ ಏರಿಸಿದಾಗ, ಮಗನ ಡಿಪ್ಲೊಮಾ ಶುಲ್ಕ ಕಟ್ಟುವ ತಿಂಗಳು ಬಂದಾಗ, ಈ ಹದಿನಾರು ಎಂಬುದು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನಾನು ಬಿಟ್ಟು ಬಂದ ಡೇ ಕೇರ್‌ನ ಮೇಲಿನವರು ಯಾವ ಲೆಕ್ಕ ಹಾಕುತ್ತಿದ್ದರು ಎಂದು ಆಗಲೇ ನನಗೆ ಪೂರ್ತಿ ಅರ್ಥವಾದದ್ದು. ಅವರಿಗೆ ಕೋಣೆಯ ಬಾಡಿಗೆ ಕಾಣುತ್ತಿತ್ತು, ಹನ್ನೊಂದು ಗಂಟೆ ಕಾಣುತ್ತಿರಲಿಲ್ಲ. ನನಗೆ ಎರಡೂ ಕಾಣುತ್ತವೆ, ಏಕೆಂದರೆ ಬಾಡಿಗೆ ಕಟ್ಟುವವಳೂ ನಾನೇ, ಚಮಚ ಹಿಡಿಯುವವಳೂ ನಾನೇ. ಹತ್ತರ ಗೆರೆಯನ್ನು ಕಾಪಾಡಿರುವುದು ನನ್ನ ದೊಡ್ಡ ಗುಣವಲ್ಲ. ಹದಿನಾರು ಮಾಡಿದರೆ ಮರುದಿನ ಬೆಳಗ್ಗೆ ಅದನ್ನು ಅನುಭವಿಸಬೇಕಾದವಳು ನಾನೇ, ಅಷ್ಟೇ.

ಆದ್ದರಿಂದಲೇ ನಮ್ಮ ಕೆಲಸದವರು ಸ್ವಂತದ್ದು ತೆರೆಯುವುದು ಒಳ್ಳೆಯದು ಎಂದು ನಾನು ಬಲವಾಗಿ ನಂಬುತ್ತೇನೆ. ಹಾಗೆಂದು ಎಲ್ಲರೂ ತೆರೆಯಲಿ ಎನ್ನುವುದಿಲ್ಲ. ನನ್ನ ಪರಿಚಯದ ಒಬ್ಬರು ತೆರೆದು ಒಂದು ವರ್ಷದೊಳಗೆ ಮುಚ್ಚಿದರು, ಮತ್ತೆ ಸಂಬಳದ ಕೆಲಸಕ್ಕೆ ಹೋದರು. ಮಕ್ಕಳನ್ನು ಅವರಷ್ಟು ಚೆನ್ನಾಗಿ ನೋಡಿಕೊಳ್ಳುವವರನ್ನು ನಾನು ಕಂಡಿಲ್ಲ. ಆದರೆ ಬಾಕಿ ಶುಲ್ಕ ಕೇಳಲು ಅವರಿಗೆ ನಾಲಗೆ ಹೊರಳುತ್ತಿರಲಿಲ್ಲ. ಮೂರು ತಿಂಗಳ ಬಾಕಿ ಉಳಿಸಿಕೊಂಡವರಿಗೂ ನಗುತ್ತಲೇ ಮಗುವನ್ನು ಕೊಟ್ಟು ಕಳಿಸುತ್ತಿದ್ದರು. ಅಂಥವರಿಗೆ ಸಂಬಳವೂ ಸಾಕಷ್ಟು ಜನರೂ ಇರುವ ಕೆಲಸದ ಜಾಗ ಬೇಕು, ಅದು ಸಿಗುವಂತಾಗಬೇಕು. ಹಳ್ಳಿಗಳಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳ ಮೂಲಕ ಕೂಸಿನ ಮನೆಗಳನ್ನು ತೆರೆದಿದೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ಶುರುವಾದ ಆ ಕೇಂದ್ರಗಳಲ್ಲಿ ಕೂಸುಗಳನ್ನು ನೋಡಿಕೊಳ್ಳುವವರೂ ಊರಿನ ಹೆಂಗಸರೇ. ಪೀಣ್ಯದಂಥ ಕಡೆಯೂ ಅಂಥದ್ದು ಬೇಕು. ಪಾಲಿಕೆ ಶಾಲೆಗಳ ಖಾಲಿ ಕೋಣೆಗಳಲ್ಲಿ ಒಂದನ್ನು ನಮ್ಮಂಥವರಿಗೆ ಬಾಡಿಗೆ ಇಲ್ಲದೆ ಕೊಟ್ಟರೆ, ಆ ಹನ್ನೊಂದು ಸಾವಿರ ರೂಪಾಯಿಯಲ್ಲಿ ಇನ್ನೊಬ್ಬ ಸಹಾಯಕಿಯನ್ನು ಇಟ್ಟುಕೊಳ್ಳುತ್ತೇನೆ. ಇನ್ನೂ ಐದು ಮಕ್ಕಳಿಗೆ ಜಾಗವಾಗುತ್ತದೆ. ಇದನ್ನು ನಮ್ಮ ವಾರ್ಡಿನ ಕಚೇರಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಬಂದಿಲ್ಲ, ಮತ್ತೆ ಬರೆಯುತ್ತೇನೆ.

ನನ್ನ ಜೊತೆಗಿರುವ ಸಹಾಯಕಿ ಮೊದಲು ಗಾರ್ಮೆಂಟ್ಸ್‌ನಲ್ಲಿ ದಾರ ಕತ್ತರಿಸುತ್ತಿದ್ದಳು. ಹೊಸ ಮಗುವನ್ನು ಸೇರಿಸಿಕೊಳ್ಳುವ ಮುನ್ನ ಅವಳನ್ನು ಕೇಳುವುದು ನಮ್ಮಲ್ಲಿ ಪದ್ಧತಿ. ಕಳೆದ ವರ್ಷ ಒಂದು ಕೂಸಿನ ವಿಷಯದಲ್ಲಿ ಅವಳು "ಬೇಡ ಅಕ್ಕ, ಈಗಾಗಲೇ ನಾಲ್ಕಿವೆ" ಎಂದಳು. ತಾಯಿಗೆ ಹೇಳಲು ನನಗೆ ಸಂಕಟವಾಯಿತು, ಬಾಗಿಲಲ್ಲಿ ನಿಂತಿದ್ದವಳು ಅಳುವಂತಿದ್ದಳು. ಆದರೂ ಬೇಡ ಎಂದೆ, ನನಗೆ ಗೊತ್ತಿದ್ದ ಇನ್ನೊಬ್ಬರ ಮನೆಗೆ ಕಳಿಸಿಕೊಟ್ಟೆ. ಈಗ ಸಹಾಯಕಿ ಲಗ್ಗೆರೆಯಲ್ಲಿ ತನ್ನದೇ ಒಂದನ್ನು ತೆರೆಯುತ್ತೇನೆ ಎನ್ನುತ್ತಿದ್ದಾಳೆ. ಅವಳು ಹೋದರೆ ನನ್ನ ಬಲಗೈ ಹೋದಂತೆ, ಅವಳ ಜಾಗಕ್ಕೆ ಬಂದವರಿಗೆ ಎಲ್ಲವನ್ನೂ ಮೊದಲಿನಿಂದ ಕಲಿಸಬೇಕು. ಆದರೂ ಹೋಗಬೇಡ ಎನ್ನಲು ನನಗೆ ಮನಸ್ಸಿಲ್ಲ. ಆಷಾಢ ಕಳೆಯಲಿ ಎಂದು ಅವಳ ಅತ್ತೆ ಹೇಳಿದ್ದಾರಂತೆ. ಕಾಯುವವರ ಪಟ್ಟಿ ನನ್ನ ಹತ್ತಿರ ಇದೆ. ಅದರಲ್ಲಿ ಲಗ್ಗೆರೆಯ ಮೂವರು ತಾಯಂದಿರಿದ್ದಾರೆ. ಅವರಿಗೆ ನಿನ್ನೆಯೇ ಫೋನ್ ಮಾಡಿ ಅವಳ ನಂಬರ್ ಕೊಟ್ಟಿದ್ದೇನೆ. ಅವಳು ಎಷ್ಟು ಮಕ್ಕಳನ್ನು ತೆಗೆದುಕೊಳ್ಳುತ್ತಾಳೆ ಎಂದು ಒಬ್ಬರು ಕೇಳಿದರು. ಅವಳನ್ನೇ ಕೇಳಿ ಎಂದೆ.